ಸಂಜೆಗೆ ಇನ್ನೊಬ್ಬರು ಬರ್ತಾರೆ

"ತನಗೇ ಒರಗೋಕೆ ಒಂದು ಸ್ವಂತ ಗೋಡೆ ಇಲ್ಲ, ಇವಳು ಊರಿಗೆಲ್ಲ ಮನೆ ಕೊಡಿಸ್ತಾಳಂತೆ."

ಹೀಗೆ ಅಂದವನು ಅವಳ ಭಾವ, ಗಂಡನ ಅಣ್ಣ. ಗುಟ್ಟಾಗಿ ಅಂದದ್ದಲ್ಲ. ಚಹಾ ಅಂಗಡಿಯ ಮುಂದೆ, ಜೊತೆಯ ದಲ್ಲಾಳಿಗಳ ನಡುವೆ ಕೂತು, ಬಿಸಿ ಲೋಟ ಊದುತ್ತಾ ಅಂದದ್ದು. ಮನೆ ಮಾರುವುದೆಂದರೆ ಕಾಲೂ ಸವೆಯುವ, ನಾಲಿಗೆಯೂ ಸವೆಯುವ ಕೆಲಸ, ವರ್ಷ ತುಂಬುವ ಮೊದಲೇ ಮತ್ತೆ ಹೊಲಿಗೆ ಮಿಷನ್ನಿನ ಮುಂದೆ ಬಂದು ಕೂರುತ್ತೀಯ ಎಂದೂ ಸೇರಿಸಿದ. ಗಂಡ ಬೇರೆ ಊರಿಗೆ ಕೆಲಸಕ್ಕೆಂದು ಹೋದವನು ಹೋದ ಹಾಗೇ ಹೋಗಿದ್ದ. ಕೇಳುವವರು ಯಾರೂ ಇರಲಿಲ್ಲ. ಅವಳು ತನ್ನ ಚಹಾದ ದುಡ್ಡು ತಾನೇ ಕೊಟ್ಟು, ಸೊಂಟದ ಮೇಲಿದ್ದ ಮಗಳನ್ನು ಇನ್ನೊಂದು ಕಡೆಗೆ ಬದಲಾಯಿಸಿಕೊಂಡು ಎದ್ದುಹೋದಳು. ಈ ಹುಡುಗಿಗೆ ಒಂದು ಸ್ವಂತ ಮನೆ ಮಾಡಿಕೊಡದೆ ನಾನು ಸಾಯುವುದಿಲ್ಲ ಎಂದು ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು.

ಈಗ ಹೇಳುವುದು ಅದಾಗಿ ಎಷ್ಟೋ ವರ್ಷದ ಮೇಲಿನದು. ಬಾಗಿಲು ಹಾಕಿಕೊಂಡು ಕೂತು ಕೇಳಿ... ಹಿಂದಿನ ಬೀದಿಯಲ್ಲಿ ನಡೆದದ್ದು ಇದು, ದೂರದ್ದೇನಲ್ಲ.

ಆ ಹೊತ್ತಿಗೆ ಅವಳಿಗೆ ಬೀಗದಕ್ಕ ಎಂಬ ಹೆಸರು ಬಿದ್ದಿತ್ತು. ಹೆಗಲ ಚೀಲದ ತುಂಬ ಕಂಡವರ ಮನೆಯ ಬೀಗದ ಕೈಗಳು. ನಡೆದರೆ ಝಣ್... ಝಣ್... ಎಂದು ಓಣಿಯ ತುದಿಗೇ ಕೇಳಿಸುವುದು. ಹಲ್ಲುಜ್ಜುವಾಗಲೇ ಫೋನು ಶುರು. ಬಾಯಲ್ಲಿ ನೊರೆ ಇಟ್ಟುಕೊಂಡೇ ಹ್ಞೂಂ, ಹ್ಞೂಂ ಅನ್ನುತ್ತಾ ಒಂದು ಬಾಡಿಗೆ ಕುದುರಿಸಿಬಿಡುತ್ತಿದ್ದಳು. ಮನೆ ನೋಡಲು ಬರುವವರಿಗೆ ಆ ಕಸುಬಿನಲ್ಲಿ ಪಾರ್ಟಿ ಅನ್ನುತ್ತಾರೆ. ಪಾರ್ಟಿ ಬರುವ ಮುಂಚೆ ಖಾಲಿ ಮನೆಗೆ ಓಡಬೇಕು. ಮುಚ್ಚಿಟ್ಟ ಮನೆಗೆ ಒಂದು ವಾಸನೆ ಇರುತ್ತದೆ, ಅದು ಹೋಗಬೇಕು. ಕಿಟಕಿಗಳನ್ನೆಲ್ಲ ತೆಗೆದು, ನಲ್ಲಿಗಳನ್ನೆಲ್ಲ ತಿರುಗಿಸಿ ತುಕ್ಕು ನೀರು ಹರಿಯಬಿಟ್ಟು, ಸತ್ತ ಜಿರಲೆಗಳನ್ನು ಗುಡಿಸಿ ಹಾಕಿ, ಮುಖ ತೊಳೆದು, ಏನೂ ಆತುರವೇ ಇಲ್ಲದವಳಂತೆ ಬಾಗಿಲಲ್ಲಿ ನಗುತ್ತಾ ನಿಲ್ಲಬೇಕು. ಒಂದು ಪಾರ್ಟಿ ಅಡುಗೆಮನೆ ಚಿಕ್ಕದು ಅನ್ನುತ್ತದೆ. ಇನ್ನೊಂದು ಪಾರ್ಟಿಯ ಗಂಡ ಹೆಂಡತಿ ಮಲಗುವ ಕೋಣೆಯಲ್ಲಿ ನಿಂತು ಅತ್ತೆಯ ವಿಷಯಕ್ಕೆ ಜಗಳ ತೆಗೆಯುತ್ತಾರೆ. ಕೆಲವರಿಗಂತೂ ಭಾನುವಾರ ಹೊತ್ತು ಹೋಗದಿದ್ದರೆ ಮನೆ ನೋಡುವುದೇ ಒಂದು ತಿರುಗಾಟ. ಅವಳು ನಿಂತುಕೊಂಡೇ ತಿನ್ನುವಳು, ಸ್ಕೂಟರಿನ ಮೇಲೆಯೇ ಲೆಕ್ಕ ಹಾಕುವಳು, ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡೇ ಬೀಗ ತೆಗೆಯುವಳು. ಕೆಲಸ ಬಿಟ್ಟು ಬರುವವರು ಮನೆ ನೋಡುವುದು ಸಂಜೆಯೇ ಆದ್ದರಿಂದ ಸಂಜೆ ಎಂದರೆ ಮೈಯೆಲ್ಲ ಕಾಲು.

ಮಗಳು ಆ ಹೊತ್ತಿನಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಬಾಡಿಗೆ ಕೋಣೆಯಲ್ಲಿ ಒಬ್ಬಳೇ. ಕೆಳಗೆ ಗಿರಣಿ ಧಡ ಧಡ ಎನ್ನುತ್ತಿದ್ದರೆ ಮೇಲೆ ಅವಳ ಪುಸ್ತಕ, ಪೆನ್ಸಿಲು, ಎಲ್ಲವೂ ಸಣ್ಣಗೆ ಅದುರುವವು. ಪುಟಗಳ ಮೇಲೆ ಹಿಟ್ಟಿನ ಧೂಳು. ಒಮ್ಮೆ ಅವಳು ಕೇಳಿದ್ದಳು, "ಅಮ್ಮಾ, ನೀನು ಎಲ್ಲರಿಗೂ ಮನೆ ತೋರಿಸ್ತೀಯಲ್ಲ, ನಮಗೆ ಯಾವಾಗ ತೋರಿಸ್ತೀಯ?" ಬೀಗದಕ್ಕ ನಕ್ಕು ಹಾರಿಸಿದಳು. ಆದರೆ ಆ ರಾತ್ರಿ ಗಿರಣಿ ನಿಂತ ಮೇಲೂ ಅವಳಿಗೆ ನಿದ್ದೆ ಹತ್ತಲಿಲ್ಲ.

ಅವಳ ಕಣ್ಣು ಒಂದು ಮನೆಯ ಮೇಲಿತ್ತು. ಬಾವಿ ಮನೆ. ಪಕ್ಕದ ಅಂಗಳದಲ್ಲಿ ಕಲ್ಲುಕಟ್ಟೆಯ ಬಾವಿ, ಮೂರು ಕೋಣೆ, ತಂಪು ನೆಲ, ಸದ್ದಿಲ್ಲದ ಓಣಿ. ಅದರ ಒಡೆಯ ಪಕ್ಕದ ಊರಿನ ಹಲ್ಲಿನ ಡಾಕ್ಟರು. ಮಾರಿಕೊಡಿ ಎಂದು ಬೀಗದ ಕೈ ಇವಳಿಗೆ ಕೊಟ್ಟಿದ್ದರು. ಅವಳು ಬಂದ ಪಾರ್ಟಿಗಳನ್ನೆಲ್ಲ ಬೇರೆ ಮನೆಗಳಿಗೆ ತಿರುಗಿಸುತ್ತಾ, ದುಡ್ಡಿನ ಗಂಟು ಬಲಿಯಲಿ ಎಂದು ಕಾಯುತ್ತಿದ್ದಳು.

ಒಂದು ದಿನ ಸ್ಕೂಟರಿನ ಚಕ್ರ ಪಂಕ್ಚರಾಯಿತು. ಅಂಗಡಿಯಲ್ಲಿ ಬಿಟ್ಟು, ತಡವಾಯಿತೆಂದು ಒಳದಾರಿ ಹಿಡಿದಳು. ಬಾವಿ ಮನೆಯ ಓಣಿ. ದೀಪದ ಕಂಬ ತುದಿಯಲ್ಲಿ ಒಂದೇ. ಮೋಟು ಗೋಡೆಯ ಆಚೆ ಬಾವಿಯ ರಾಟೆ ಗಾಳಿಗೆ ಕಿರ್ರ್... ಕಿರ್ರ್... ಎನ್ನುತ್ತಿತ್ತು. ಅದು ದಿನಾ ಇದ್ದದ್ದೇ. ಅವಳು ನಿಂತದ್ದು ಬೇರೆ ಸದ್ದಿಗೆ.

ಸುರ್ರ್...

ಮನೆಯ ಒಳಗೆ ನಲ್ಲಿ ಹರಿಯುತ್ತಿತ್ತು.

ಬೆಳಿಗ್ಗೆ ನಾನೇ ತಿರುಗಿಸಿ ಮರೆತಿರಬೇಕು ಅಂದುಕೊಂಡಳು. ಬೀಗ ತೆಗೆದು ಒಳಗೆ ಹೋದಳು. ಕತ್ತಲೆಯಲ್ಲೇ ತಡಕಾಡಿಕೊಂಡು ಅಡುಗೆಮನೆಯ ನಲ್ಲಿ ಮುಚ್ಚಿದಳು. ಆಗ ಬಚ್ಚಲಿನಲ್ಲಿ... ಸುರ್ರ್. ಅದನ್ನೂ ಮುಚ್ಚಿದಳು. ಹೊರಗೆ ಬಂದು ಬೀಗ ಹಾಕಿ ನಾಲ್ಕು ಹೆಜ್ಜೆ ಇಟ್ಟ ಮೇಲೆ ನೆನಪಾಯಿತು. ಅವತ್ತು ಬೆಳಿಗ್ಗೆ ಅವಳು ಆ ಮನೆಗೆ ಹೋಗಿಯೇ ಇರಲಿಲ್ಲ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗುವ ಹಾಗಿಲ್ಲ. ದಲ್ಲಾಳಿ ಅಂದಮೇಲೆ ಅವನ ಹತ್ತಿರ ಒಂದು ಸುಳ್ಳು ಇರಲೇಬೇಕು, ಎಲ್ಲರ ಸುಳ್ಳೂ ಒಂದೇ. ಪಾರ್ಟಿ ಹಿಂದೆ ಮುಂದೆ ನೋಡಿದರೆ, "ನಿಮ್ಮಿಷ್ಟ, ಸಂಜೆಗೆ ಇನ್ನೊಬ್ಬರು ಬರ್ತಾರೆ" ಅನ್ನುವುದು. ಇನ್ನೊಬ್ಬರೂ ಇರುವುದಿಲ್ಲ, ಮತ್ತೊಬ್ಬರೂ ಇರುವುದಿಲ್ಲ. ಭಾವನೂ ಅದನ್ನೇ ಹೇಳುತ್ತಿದ್ದ, ಆದರೆ ಆಕಳಿಸುತ್ತಾ ಹೇಳುತ್ತಿದ್ದ. ಬೀಗದಕ್ಕ ಹಾಗಲ್ಲ. ಪೊಟ್ಟಣ ಕಟ್ಟಿದ ಕಾಗದ, ಹಳೆಯ ವಾರಪತ್ರಿಕೆ, ಸಿಕ್ಕಿದ್ದನ್ನೆಲ್ಲ ಓದಿ ತಾನೇ ಅಕ್ಷರ ಗಟ್ಟಿ ಮಾಡಿಕೊಂಡವಳು. ಬರಿ 'ಒಬ್ಬರು' ಅಂದರೆ ಯಾರೂ ನಂಬುವುದಿಲ್ಲ, ಅವರ ಕೈಯಲ್ಲೊಂದು ಕೊಡೆ ಇರಬೇಕು ಎಂಬುದು ಅವಳಿಗೆ ಗೊತ್ತಿತ್ತು.

ಹಾಗಾಗಿ ಅವಳ ಇನ್ನೊಬ್ಬರು ಒಬ್ಬ ಮೇಡಮ್. ವಯಸ್ಸಾದ ಹೆಂಗಸು, ಹಿಂದೆ ಮುಂದೆ ಯಾರಿಲ್ಲ, ಯಾರನ್ನೂ ಕೇಳಬೇಕಾಗಿಲ್ಲ, ಹಿಡಿಸಿದರೆ ನಿಂತ ಕಾಲಲ್ಲೇ ಒಪ್ಪಿಬಿಡುವವರು. ಬೂದು ಬಣ್ಣದ ಕೊಡೆ ಹಿಡಿದಿರುತ್ತಾರೆ. ಕೆಳಮಹಡಿಯ ಮನೆಯೊಂದನ್ನು ಮಾರಬೇಕಾದಾಗ ಅವರ ಎಡಗಾಲಿಗೆ ಕುಂಟು ಬಂತು, ಮೆಟ್ಟಿಲು ಹತ್ತುವುದು ಕಷ್ಟ ಎಂದಾಯಿತು. ನೀರಿನ ತೊಂದರೆಯಿಲ್ಲದ ಮನೆ ಮಾರುವಾಗ ಅವರಿಗೆ ಒಂದು ಚಾಳಿ ಬಂತು, ಹೋದ ಮನೆಯಲ್ಲೆಲ್ಲ ನಲ್ಲಿಗಳನ್ನು ತಿರುಗಿಸಿ ನೋಡುತ್ತಾರೆ ಎಂದು. ಕನ್ನಡಕಕ್ಕೆ ಒಂದು ದಾರವೂ ಬಂತು. "ಪಾಪ, ಎಷ್ಟು ಮನೆ ನೋಡಿದ್ರು ಗೊತ್ತಾ, ಪ್ರತಿ ಸಲವೂ ಯಾರೋ ಮುಂಚೆ ಬಂದು ತಗೊಂಡುಬಿಡ್ತಾರೆ" ಎಂದು ಬೀಗದಕ್ಕ ನಿಟ್ಟುಸಿರು ಬಿಟ್ಟರೆ, ಎದುರಿಗಿದ್ದ ಪಾರ್ಟಿ ತಕ್ಷಣ ಮುಂಗಡ ತೆಗೆಯುತ್ತಿತ್ತು. ವರ್ಷಗಟ್ಟಲೆ ಆ ಮೇಡಮ್ಮನ್ನು ಹಾಗೆ ಮನೆ ಮನೆಗೆ ಕರೆದು, ಮನೆ ಮನೆಯಿಂದ ಬರಿಗೈಯಲ್ಲಿ ಕಳಿಸಿದಳು. ಅಡುಗೆಮನೆಗಳಲ್ಲಿ ನಿಂತು, ಮಹಡಿಗಳ ಮೇಲೆ ನಿಂತು, ಖಾಲಿ ಗೋಡೆಗಳ ಎದುರು ಹೇಳಿದಳು... ಸಂಜೆಗೆ ಬರ್ತಾರೆ.

ನಲ್ಲಿಯ ಸಂಗತಿ ನಡೆದ ಮರುದಿನ, ನಾಲ್ಕು ಅಂತಸ್ತಿನ ಒಂದು ಕಟ್ಟಡಕ್ಕೆ ಪಾರ್ಟಿ ಕರೆದುಕೊಂಡು ಹೋಗಿದ್ದಳು. ಅಲ್ಲಿನ ಕಾವಲುಗಾರ ಒಬ್ಬ ಮುದುಕ, ಅವಳು ತಾತ ಅನ್ನುತ್ತಿದ್ದಳು. ಪಾರ್ಟಿ ಹೋದ ಮೇಲೆ ತಾತ ಸ್ಟೂಲಿನಿಂದ ಎದ್ದು ಹತ್ತಿರ ಬಂದ.

"ಅಕ್ಕಾ, ನಿಮ್ಮ ಮೇಡಮ್ಮು ಬಂದಿದ್ರು ಮೊನ್ನೆ ಸಂಜೆ."

"ಯಾವ ಮೇಡಮ್ಮು?"

"ಅದೇ, ಕೊಡೆ ಹಿಡ್ಕೊಂಡು. ಬಿಸಿಲೂ ಇಲ್ಲ, ಮಳೇನೂ ಇಲ್ಲ, ಯಾಕೆ ಕೊಡೆ ಅಂತ ನಾನೂ ನೋಡ್ದೆ. ಕಾಲು ಎಳೀತಿದ್ರು. ನೀವು ಕಳಿಸಿದ್ದು ಅಂದ್ರು."

ಒಳಗೆ ಬಿಟ್ಟೆಯಾ ಎಂದು ಕೇಳಿದಳು. ಕೈಯಲ್ಲಿ ಬೀಗದ ಕೈ ಇಲ್ಲ, ನಾನೆಲ್ಲಿ ಬಿಡಲಿ ಅಂದ ತಾತ. ಮೆಟ್ಟಿಲು ಹತ್ತಿ ಹೋದರು, ಕಾಲು ಸರ್... ಟಕ್... ಸರ್... ಟಕ್... ಎಂದು ಮೂರನೇ ಮಹಡಿಯವರೆಗೂ ಕೇಳಿಸಿತು, ಆಮೇಲೆ ಪೈಪುಗಳಲ್ಲಿ ನೀರು ಇಳಿಯುವ ಸದ್ದು ಬಂತು, ಇಳಿದು ಬಂದದ್ದು ಮಾತ್ರ ನೋಡಲಿಲ್ಲ. ಮುಖ ಹೇಗಿತ್ತು ಎಂದರೆ ತಾತ ತಲೆ ಕೆರೆದುಕೊಂಡ. ಕೊಡೆ ಅಡ್ಡ ಇತ್ತು ಅಂದ.

ಬೀಗದಕ್ಕನಿಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು. ಇದು ಭಾವನ ಕಿತಾಪತಿ, ಯಾರನ್ನೋ ವೇಷ ಹಾಕಿಸಿ ಕಳಿಸಿ ತನ್ನ ಹೆಸರು ಕೆಡಿಸುತ್ತಿದ್ದಾನೆ ಅಂದುಕೊಂಡಳು. ನೇರ ಚಹಾ ಅಂಗಡಿಗೆ ಹೋಗಿ ಕೇಳಿದಳು. ಅವನು ಲೋಟ ಕೆಳಗಿಟ್ಟು ಹೊಟ್ಟೆ ಹಿಡಿದು ನಕ್ಕ. ಕಸುಬು ತಲೆಗೇರಿದೆಯಮ್ಮ ನಿನಗೆ, ನಿನ್ನ ಸುಳ್ಳನ್ನು ನೀನೇ ನಂಬೋಕೆ ಶುರು ಮಾಡಿದೀಯ, ಸ್ವಲ್ಪ ದಿನ ಮಲಗು ಅಂದ. ನಕ್ಕ ರೀತಿ ನೋಡಿದರೆ ಅವನದಲ್ಲ ಎಂದೇ ಅನ್ನಿಸಿತು. ಅದೇ ಅವಳಿಗೆ ಇನ್ನಷ್ಟು ಕಸಿವಿಸಿ ತಂದಿತು.

ಆಮೇಲಿನ ದಿನಗಳಲ್ಲಿ ಅವಳು ನಿಂತಲ್ಲಿ ನಿಲ್ಲಲಿಲ್ಲ. ಮೊದಲೇ ಓಡುವವಳು, ಈಗ ಬೆನ್ನಟ್ಟಿಸಿಕೊಂಡವಳ ಹಾಗೆ ಓಡಿದಳು. ಪಾರ್ಟಿಯ ಜೊತೆ ಮಾತಾಡುತ್ತಲೇ ಕಿವಿ ಪಕ್ಕದ ಕೋಣೆಯ ಕಡೆಗೆ. ಒಮ್ಮೆ ಬಚ್ಚಲಿನ ನೆಲ ಒದ್ದೆ. ಒಮ್ಮೆ ಗೋಡೆಗೆ ಒರಗಿಸಿಟ್ಟ ಕೊಡೆಯ ತುದಿ ಊರಿದ ಹಾಗೆ ಧೂಳಿನಲ್ಲಿ ಒಂದು ಗುಂಡು ಗುರುತು. ಸುಳ್ಳು ಮಾತ್ರ ನಾಲಿಗೆಯ ಮೇಲೆ ಅಭ್ಯಾಸವಾಗಿ ಕೂತಿತ್ತು, ಬೇಡವೆಂದರೂ ಜಾರಿ ಬೀಳುತ್ತಿತ್ತು.

ಹೀಗಿರುವಾಗ ಹಲ್ಲಿನ ಡಾಕ್ಟರ ಫೋನು ಬಂತು. ನಿಮ್ಮ ಭಾವ ಒಂದು ಪಾರ್ಟಿ ತಂದಿದಾರೆ, ಬಾವಿ ಮನೆಗೆ ಒಳ್ಳೆಯ ಬೆಲೆ ಹೇಳ್ತಿದಾರೆ, ನಾಳೆಯೇ ಮಾತು ಮುಗಿಸ್ತೀನಿ ಎಂದರು. ಬೀಗದಕ್ಕ ನಡುಬೀದಿಯಲ್ಲಿ ಸ್ಕೂಟರ್ ನಿಲ್ಲಿಸಿದಳು. ಹಿಂದೆ ಹಾರ್ನು ಹೊಡೆದವರಿಗೆ ಕೈ ಬೀಸಿದಳು. ಗಂಟು ಇನ್ನೂ ಬಲಿತಿಲ್ಲ, ನಾನೇ ತಗೊಳ್ತೀನಿ ಅಂದರೆ ಡಾಕ್ಟರು ನಗುತ್ತಾರೆ, ಭಾವ ಊರೆಲ್ಲ ಸಾರಿಕೊಂಡು ಬರುತ್ತಾನೆ. ಬಾಯಿಗೆ ಬಂದದ್ದು ಒಂದೇ.

"ಆ ಮನೆಗೆ ಮಾತು ಕೊಟ್ಟಾಗಿದೆ ಸಾರ್. ಒಬ್ಬರು ಮೇಡಮ್‌ಗೆ. ಮನೆಯೊಳಗೇ ನಿಂತು ಕೊಟ್ಟಿದೀನಿ."

ಅಲ್ಲಿಯತನಕ ಅವಳು ಮೇಡಮ್ಮಿಗೆ ಮನೆ ತೋರಿಸಿದ್ದುಂಟು, ಕೊಟ್ಟದ್ದಿರಲಿಲ್ಲ. ಅವರ ಕಸುಬಿನಲ್ಲಿ ಮನೆಯೊಳಗೆ ನಿಂತು ಕೊಟ್ಟ ಮಾತೆಂದರೆ ಕಾಗದವಾದ ಹಾಗೆಯೇ. ಅದನ್ನು ಮುರಿದ ದಲ್ಲಾಳಿಗೆ ಮತ್ತೆ ಯಾರೂ ಬೀಗದ ಕೈ ಕೊಡುವುದಿಲ್ಲ. ಡಾಕ್ಟರು, ಹಾಗಾದರೆ ನಾಳೆ ಸಂಜೆ ಆ ಮೇಡಮ್ಮನ್ನೇ ಕರೆದುಕೊಂಡು ಬನ್ನಿ, ನಾನೂ ಬರ್ತೀನಿ, ಎದುರಾ ಎದುರು ಮಾತಾಡೋಣ ಎಂದು ಫೋನು ಇಟ್ಟರು.

ಆ ರಾತ್ರಿ ಗಿರಣಿ ಕೋಣೆಯಲ್ಲಿ ಅವಳು ಎಷ್ಟು ಸಲ ಮಗ್ಗುಲು ಬದಲಾಯಿಸಿದಳೋ. ಯಾರನ್ನಾದರೂ ಮೇಡಮ್ ಮಾಡಿ ನಿಲ್ಲಿಸೋಣವೆಂದರೆ ಭಾವ ಒಂದೇ ನೋಟಕ್ಕೆ ಹಿಡಿಯುತ್ತಾನೆ. ಕಡೆಗೆ ಒಂದು ತೀರ್ಮಾನಕ್ಕೆ ಬಂದಳು. ಹೋಗುವುದು, ಮೇಡಮ್ ಅಂತ ಯಾರೂ ಇಲ್ಲ, ಮನೆ ನನಗೇ ಬೇಕು, ಕೊಡಿ ಎಂದು ಕೇಳುವುದು. ಕೊಡದಿದ್ದರೆ ಕಸುಬೂ ಹೋಯಿತು, ಮನೆಯೂ ಹೋಯಿತು.

ಮರುದಿನ ಸಂಜೆ ಓಣಿಯ ತುದಿಯಲ್ಲಿಯೇ ಭಾವ ಸಿಕ್ಕಿದ. ಡಾಕ್ಟರೇ ಹೇಳಿದ್ರು, ನಿನ್ನ ಮೇಡಮ್ಮನ್ನ ನೋಡೋಣ ಅಂತ ಬಂದೆ ಅಂದ. ಎಲ್ಲಿ, ಹಿಂದೆ ಬರ್ತಿದಾರಾ, ಮುಂದೆ ಹೋದ್ರಾ ಎಂದು ದಾರಿಯುದ್ದಕ್ಕೂ ಕುಟುಕಿದ. ಬಾವಿ ಮನೆಯ ಮುಂದೆ ಡಾಕ್ಟರ ಕಾರು ಆಗಲೇ ನಿಂತಿತ್ತು. ಒಳಗೆ ದೀಪ ಉರಿಯುತ್ತಿತ್ತು.

ಡಾಕ್ಟರು ನಡುಮನೆಯಲ್ಲಿ ಒಬ್ಬರೇ ನಿಂತಿದ್ದರು. ಏನೋ ಕಳೆದುಕೊಂಡವರ ಹಾಗೆ ನೆಲ ನೋಡುತ್ತಿದ್ದರು.

"ಬನ್ನಿಯಮ್ಮ. ಎಲ್ಲಾ ಮಾತಾಯ್ತು. ನಿಮ್ಮ ಮೇಡಮ್ ಈಗಷ್ಟೇ ಹೋದ್ರು, ಹಿಂದಿನ ಬಾಗಿಲಿಂದ."

ಬೀಗದಕ್ಕ ಚೀಲವನ್ನು ಎದೆಗೆ ಅವಚಿಕೊಂಡಳು.

ಮೇಡಮ್ ಮನೆಯೆಲ್ಲ ನೋಡಿದರಂತೆ. ಬೆಲೆ ಅವರೇ ಹೇಳಿದರಂತೆ. ಯಾಕೆ ಒಪ್ಪಿದೆನೋ ಈಗ ಯೋಚನೆ ಮಾಡ್ತಿದೀನಿ ಅಂದರು ಡಾಕ್ಟರು. ಪತ್ರ ಮಾತ್ರ ಬೀಗದಕ್ಕನ ಹೆಸರಿಗೇ ಆಗಬೇಕು, ದುಡ್ಡಿಗೆ ಅವಳಿಗೆ ಸ್ವಲ್ಪ ಸಮಯ ಕೊಡಿ ಎಂದು ಹೇಳಿ ಹೋದರಂತೆ. "ಇನ್ನೊಂದು ವಿಚಿತ್ರ," ಎಂದು ದನಿ ತಗ್ಗಿಸಿದರು, "ನಾನು ಯಾರನ್ನೇ ನೋಡಲಿ, ಮೊದಲು ನೋಡೋದು ಹಲ್ಲು. ಮುಖ ಮರೆತರೂ ಹಲ್ಲು ಮರೆಯಲ್ಲ. ಇಷ್ಟು ಹೊತ್ತು ಎದುರಿಗೆ ನಿಂತು ಮಾತಾಡಿದಾರೆ... ಅವರಿಗೆ ಹಲ್ಲಿತ್ತಾ ಇಲ್ವಾ, ನೆನಪೇ ಆಗ್ತಿಲ್ಲ."

ಭಾವ ಅಷ್ಟರಲ್ಲಿ ಹಿಂದಿನ ಬಾಗಿಲ ಹತ್ತಿರ ಹೋಗಿದ್ದ. ಅಲ್ಲೇ ನಿಂತುಬಿಟ್ಟಿದ್ದ. ಆ ಬಾಗಿಲ ಚಿಲಕ ಒಳಗಿನಿಂದ ಹಾಕಿತ್ತು, ತುಕ್ಕು ಹಿಡಿದು ಬಿಗಿದಿತ್ತು. ಚೌಕಟ್ಟಿಗೂ ಬಾಗಿಲಿಗೂ ಅಡ್ಡ ಜೇಡರ ಬಲೆ. ಒಂದು ಎಳೆಯೂ ಹರಿದಿರಲಿಲ್ಲ.

ಅವನು ಕರವಸ್ತ್ರದಿಂದ ಕತ್ತು ಒರೆಸಿಕೊಂಡು, ಡಾಕ್ಟರ ಕಾರನ್ನೇ ಹತ್ತಿ ಹೋದ. ಆಮೇಲೆ ಅವನು ಯಾವ ಪಾರ್ಟಿಗೂ ಸಂಜೆಯ ಮಾತು ಎತ್ತಿಲ್ಲ ಎಂದು ಚಹಾ ಅಂಗಡಿಯವರು ಹೇಳುತ್ತಾರೆ.

ಬೀಗದಕ್ಕನೂ ಓಡಿಹೋಗಬಹುದಿತ್ತು. ಆದರೆ ಕಿಟಕಿ ಹಾಕದೆ ಮನೆ ಬಿಟ್ಟು ಹೋಗಿ ಗೊತ್ತಿಲ್ಲ ಅವಳಿಗೆ. ಒಂದೊಂದೇ ಕಿಟಕಿ ಎಳೆದುಕೊಂಡು ಬಂದಳು. ಟಪ್. ಟಪ್. ಮೂರನೆಯದಕ್ಕೆ ಕೈ ಹಾಕಿದಾಗ...

ಸುರ್ರ್.

ಅಡುಗೆಮನೆಯಲ್ಲಿ ಒಬ್ಬರು ಅವಳಿಗೆ ಬೆನ್ನು ಹಾಕಿ ನಿಂತಿದ್ದರು. ನಲ್ಲಿಯ ಕೆಳಗೆ ಕೈ. ಪಕ್ಕದಲ್ಲಿ ಒರಗಿಸಿದ ಬೂದು ಕೊಡೆ. ಕತ್ತಿನ ಹಿಂದೆ ಕನ್ನಡಕದ ದಾರ. ತಿರುಗಬಹುದೆಂದು ಕಾದಳು. ತಿರುಗಲಿಲ್ಲ. ಆಗ ಅವಳಿಗೆ ಹೊಳೆಯಿತು... ಇಷ್ಟು ವರ್ಷ ಅವರಿಗೆ ಕಾಲು, ಕೊಡೆ, ಚಾಳಿ ಎಲ್ಲ ಕೊಟ್ಟಿದ್ದಳು. ಮುಖ ಕೊಟ್ಟಿರಲಿಲ್ಲ.

"ಎಷ್ಟು ಮನೆಗೆ ಕರೆದೆ ನನ್ನ," ಎಂದಿತು ದನಿ. ಪಿಸುಮಾತು, ನೀರಿನ ಸದ್ದಿನ ಒಳಗಿನಿಂದ ಬಂದ ಹಾಗೆ. "ಬರೋ ಹೊತ್ತಿಗೆ ಯಾರೋ ತಗೊಂಡಿರ್ತಿದ್ರು."

"ಅದು... ವ್ಯಾಪಾರದ ಮಾತು ಮೇಡಮ್."

"ಇದಕ್ಕೆ ಮಾತು ಕೊಟ್ಟೆ."

ಬೀಗದಕ್ಕ ಅಡುಗೆಮನೆಯ ಹೊಸ್ತಿಲವರೆಗೆ ಬಂದಳು. "ಈ ಮನೆ ನನ್ನ ಮಗಳಿಗೆ. ಇದೊಂದು ಬಿಡಲ್ಲ. ಬೇರೆ ಏನಾದ್ರೂ ಕೇಳಿ."

ನೀರು ಹರಿಯಿತು. ಬಹಳ ಹೊತ್ತು ಹರಿಯಿತು.

"ಮನೆ ಇಟ್ಕೋ. ಸಂಜೆ ನನಗೆ ಕೊಡು."

"ಸಂಜೆ?"

"ನೀನು ನನಗೆ ಯಾವಾಗಲೂ ಹೇಳಿದ್ದು ಸಂಜೆ ಅಂತಾನೇ. ದೀಪ ಹಾಕೋ ಹೊತ್ತಿಂದ ಊಟದ ಹೊತ್ತಿನವರೆಗೆ. ಆಗ ನೀನು ಒಳಗಿರಬಾರದು."

ಯಾವ ವ್ಯಾಪಾರವನ್ನೂ ಕೊಸರಾಡದೆ ಮುಗಿಸಿದವಳಲ್ಲ ಅವಳು. ಬೇರೆಯವರ ಕರಾರನ್ನು ಸಾಲು ಸಾಲಾಗಿ ಬೆರಳಿಟ್ಟು ಓದಿಸುವವಳು. ಆದರೆ ಆ ಕ್ಷಣ ಅವಳ ತಲೆ ದಲ್ಲಾಳಿಯ ತಲೆಯಾಗಿಯೇ ಓಡಿತು. ಸಂಜೆ ನಾನೆಲ್ಲಿ ಮನೆಯಲ್ಲಿರುತ್ತೇನೆ, ಇಲ್ಲದ್ದನ್ನು ಕೊಟ್ಟು ಇರುವುದನ್ನು ತೆಗೆದುಕೊಂಡರೆ ನಷ್ಟವೇನು ಅಂದುಕೊಂಡಳು. ಅಗ್ಗಕ್ಕೆ ಸಿಕ್ಕಿತು ಅಂದುಕೊಂಡಳು. ನಾನೊಬ್ಬಳೇ ಇರಬಾರದಾ, ಮಗಳೂ ಇರಬಾರದಾ ಎಂದು ಕೇಳಬೇಕೆಂದೇ ತೋಚಲಿಲ್ಲ.

"ಆಯ್ತು," ಅಂದಳು.

ನಲ್ಲಿಯ ತಿರುಪು ಕೀಚ್ ಎಂದು ತಾನಾಗಿ ತಿರುಗಿತು. ನೀರು ನಿಂತಿತು. ಅಲ್ಲಿ ಯಾರೂ ಇರಲಿಲ್ಲ.

ಪತ್ರವಾಯಿತು. ತಾಯಿ ಮಗಳು ಗಿರಣಿ ಕೋಣೆ ಬಿಟ್ಟು ಬಾವಿ ಮನೆಗೆ ಬಂದರು. ಮೊದಲ ರಾತ್ರಿ ಮಗಳು ಪೆನ್ಸಿಲನ್ನು ನೆಲದ ಮೇಲಿಟ್ಟು, "ನೋಡಮ್ಮ, ಅದುರ್ತಾನೇ ಇಲ್ಲ" ಎಂದು ನಕ್ಕಳು. ಬೀಗದಕ್ಕ ಕೆಲಸಕ್ಕೆ ಇನ್ನೂ ಬಿದ್ದಳು. ಸಾಲ ತೀರಿಸಬೇಕಿತ್ತು. ಸಂಜೆಯ ಸುಳ್ಳು ಬಿಟ್ಟಿದ್ದಳು, ಅದಕ್ಕೆ ಎರಡರಷ್ಟು ತಿರುಗಬೇಕಾಯಿತು. ಊಟದ ಹೊತ್ತಿಗೆ ಬಂದರೆ ಮಗಳ ಪಾಠವೆಲ್ಲ ಮುಗಿದಿರುವುದು, ಪುಸ್ತಕಗಳು ನೀಟಾಗಿ ಜೋಡಿಸಿರುವುದು. ಒಬ್ಬಳೇ ಇದ್ದು ಬೇಜಾರಾಗಲ್ವಾ ಎಂದರೆ ಮಗಳು ಇಲ್ಲ ಅನ್ನುವಳು. ಅಷ್ಟೇ. ಮೊದಲೆಲ್ಲ ತಡವಾದರೆ ಹತ್ತು ಸಲ ಫೋನು ಮಾಡುತ್ತಿದ್ದವಳು ಈಗ ಒಂದು ಸಲವೂ ಮಾಡುತ್ತಿರಲಿಲ್ಲ. ಬುದ್ಧಿ ಬಂತು, ದೊಡ್ಡವಳಾದಳು ಎಂದು ತಾಯಿ ಹೆಮ್ಮೆಪಟ್ಟಳು.

ಒಂದು ದಿನ ಮಗಳಿಗೆ ಜ್ವರ ಬಂತು. ಬೀಗದಕ್ಕ ಪಾರ್ಟಿಗಳಿಗೆಲ್ಲ ಬೇಡವೆಂದು ಹೇಳಿ ಮಧ್ಯಾಹ್ನವೇ ಮನೆಗೆ ಬಂದಳು. ಕೊಟ್ಟ ಮಾತು ನೆನಪಿತ್ತು. ಮಗಳಿಗೆ ಜ್ವರ, ಮೇಡಮ್ ಒಂದು ಸಂಜೆ ಬಿಟ್ಟುಕೊಟ್ಟರೆ ಅವರ ಗಂಟೇನು ಹೋಗುತ್ತದೆ ಎಂದು ಹಟ ಹಿಡಿದು ಹಾಸಿಗೆಯ ಪಕ್ಕ ಕೂತಳು. ಹೊತ್ತು ಇಳಿಯಿತು. ಎದ್ದು ದೀಪ ಹಾಕಿದಳು. ಟಿಕ್...

ಅವಳು ಬಾವಿಕಟ್ಟೆಯ ಮೇಲೆ ಕೂತಿದ್ದಳು.

ಹೆಗಲಿಗೆ ಚೀಲ ಇತ್ತು. ಕಾಲಿಗೆ ಚಪ್ಪಲಿ ಇತ್ತು. ತಾನಾಗಿ ನಡೆದು ಬಂದ ನೆನಪಿಲ್ಲ. ಓಡಿಹೋಗಿ ಬಾಗಿಲು ಬಡಿದಳು. ಚೀಲದಲ್ಲಿದ್ದ ಬೀಗದ ಕೈಗಳನ್ನೆಲ್ಲ ಒಂದೊಂದಾಗಿ ಬೀಗಕ್ಕೆ ತುರುಕಿದಳು, ತನ್ನದನ್ನೂ. ಊರಿನ ಮನೆಗಳನ್ನೆಲ್ಲ ತೆಗೆದ ಕೈ ಅದು, ತನ್ನ ಬಾಗಿಲನ್ನು ತೆಗೆಯಲಿಲ್ಲ. ಕಿಟಕಿಗೆ ಕಿವಿ ಇಟ್ಟಳು. ಒಳಗೆ ಬಟ್ಟೆ ಹಿಂಡುವ ಸದ್ದು... ಹನಿ ಹನಿ ನೀರು ಪಾತ್ರೆಗೆ ಬೀಳುವ ಸದ್ದು. ಸಣ್ಣ ದನಿಯಲ್ಲಿ ಯಾರೋ ಏನೋ ಹೇಳುತ್ತಿದ್ದರು. ಆಮೇಲೆ ಮಗಳು ನಕ್ಕಳು. ಜ್ವರದಲ್ಲಿ ನಗುವ ನಗು, ನಿಧಾನದ್ದು.

ಊಟದ ಹೊತ್ತಿಗೆ ಅದೇ ಬೀಗ, ಅದೇ ಕೈ, ಸಲೀಸಾಗಿ ತಿರುಗಿತು. ಮಗಳ ಹಣೆ ತಣ್ಣಗಿತ್ತು. ಮಡಿಸಿದ ಒದ್ದೆ ಬಟ್ಟೆ ತಲೆಯ ಹತ್ತಿರ ಇತ್ತು.

"ಯಾರಿದ್ರು?" ಎಂದು ಕೇಳಿದಳು ತಾಯಿ, ಪಿಸುಮಾತಿನಲ್ಲಿ.

"ಮೇಡಮ್ಮು."

"ಏನು ಮಾಡಿದ್ರು?"

ಮಗಳು ಸ್ವಲ್ಪ ಯೋಚಿಸಿದಳು. "ಏನಿಲ್ಲಮ್ಮ. ಇದ್ರು, ಅಷ್ಟೇ."

ಸಂಜೆ ಮಗಳನ್ನು ಜೊತೆಗೆ ಕರೆದೊಯ್ಯಲು ನೋಡಿದಳು. ಸ್ಕೂಟರಿನ ಹಿಂದೆ ಕೂರಿಸಿಕೊಂಡು ನಾಲ್ಕು ಮನೆ ಸುತ್ತಿಸಿದಳು. ಹುಡುಗಿ ಪ್ರತಿ ಮನೆಯಲ್ಲೂ, ನಮ್ಮ ಮನೆಗೆ ಯಾವಾಗ ಹೋಗೋದು, ಅವರು ಕಾಯ್ತಿರ್ತಾರೆ ಎಂದು ಮುಖ ಸಣ್ಣ ಮಾಡಿಕೊಂಡಳು. ಮಾರಿಬಿಡು ಎಂದು ಹೇಳಿದವರಿದ್ದಾರೆ. ಮಾರುವವಳಲ್ಲ. ಆಗಲ್ಲ ಅನ್ನಿಸಿಕೊಂಡು ಗಳಿಸಿದ್ದನ್ನು ಆಗಲಿಲ್ಲ ಎಂದು ಬಿಟ್ಟುಕೊಡುವ ಜಾಯಮಾನ ಅವಳದಲ್ಲ.

ಇವತ್ತು ಆ ಮನೆ ಅವಳ ಹೆಸರಿನಲ್ಲಿದೆ. ಬಾವಿಯೂ ಅಂಗಳವೂ ಅವಳವೇ. ಸಾಲ ತೀರಿದೆ. ಪೇಟೆಯಲ್ಲಿ ಬೋರ್ಡು ಹಾಕಿದ ಸ್ವಂತ ಕಚೇರಿ ಇದೆ, ಅಲ್ಲಿ ಅವಳ ಕೈ ಕೆಳಗೆ ಕೆಲಸಕ್ಕೆ ಜನ ಇದ್ದಾರೆ. ಈಗ ಸಂಜೆ ಅವಳು ಓಡಬೇಕಾಗಿಲ್ಲ. ಹಾಗಾಗಿ ಹೊತ್ತು ಇಳಿಯುವ ಮುಂಚೆಯೇ ಬಂದು, ಮನೆಯೊಳಗೆ ಹೋಗದೆ, ಬಾವಿಕಟ್ಟೆಯ ಮೇಲೆ ಕೂರುತ್ತಾಳೆ. ಕೂತು ಅಭ್ಯಾಸವಿಲ್ಲ, ಏಳುತ್ತಾಳೆ, ಗೋಡೆಯವರೆಗೆ ನಡೆಯುತ್ತಾಳೆ, ಮತ್ತೆ ಬಂದು ಕೂರುತ್ತಾಳೆ. ಒಳಗೆ ದೀಪ ಉರಿಯುತ್ತಿರುತ್ತದೆ, ಎರಡು ದನಿಗಳು ಕೇಳಿಸುತ್ತಿರುತ್ತವೆ. ಮನೆಗೆ ಅವಳು ಕೊಟ್ಟ ಬೆಲೆ ಅದು, ಮಗಳ ಸಂಜೆಗಳು.

ಇದು ನಡೆದದ್ದು. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಬೆಳಿಗ್ಗೆ ಶಾಲೆಗೆ ಹೋಗುವಾಗ ಆ ಹುಡುಗಿಯ ಕೂದಲು ಬಿಗಿದು ಕಟ್ಟಿದ ಸಾದಾ ಜುಟ್ಟು, ಅದು ಅಮ್ಮನ ಕೈಯದು, ಅವಳಿಗೆ ಅಷ್ಟೇ ಬರುವುದು, ಅಷ್ಟಕ್ಕೇ ಪುರುಸೊತ್ತು. ಊಟದ ಹೊತ್ತಿಗೆ ಬಾಗಿಲು ತೆಗೆದಾಗ ಅದು ಬಿಚ್ಚಿ, ಬಾಚಿ, ನಾಲ್ಕು ಎಳೆಯ ಜಡೆಯಾಗಿ ಹೆಣೆದಿರುತ್ತದೆ.